ಮನೆಯ ಗಣಕಯಂತ್ರಕ್ಕೆ ಮೂರು ಪ್ರತಿಗಳು

ಕಳೆದ ಮಳೆಗಾಲದ ಒಂದು ಸಂಜೆ ಅರಸೀಕೆರೆಯ ನಮ್ಮ ಮನೆಯಲ್ಲಿ ವಿದ್ಯುತ್ತು ಮೂರು ಬಾರಿ ಹೋಗಿ ಬಂದಿತು. ಅನಂತರ ಗಣಕಯಂತ್ರವು ಮೇಲೇಳಲಿಲ್ಲ. ಒಂಬತ್ತು ವರ್ಷಗಳಿಂದ ನಾವು ಬರೆದಿಟ್ಟಿದ್ದ ಟಿಪ್ಪಣಿಗಳು, ಮಠದಲ್ಲಿ ನಮಗೆ ಪಾಠ ಹೇಳಿದ ಗುರುಗಳ ಧ್ವನಿಮುದ್ರಣ, ಮಗಳ ಮದುವೆಯ ಭಾವಚಿತ್ರಗಳು ಎಲ್ಲವೂ ಅದರೊಳಗಿದ್ದವು. “ತಾತ, ಬ್ಯಾಕಪ್ ಇಟ್ಟಿಲ್ವಾ?” ಎಂದು ಮೊಮ್ಮಗಳು ಕೇಳಿದಳು. ಇಟ್ಟಿದ್ದೆವು, ಅದೇ ಯಂತ್ರದ ‘ಡಿ’ ವಿಭಾಗದಲ್ಲಿ! ‘ಸಿ’ಯೂ ‘ಡಿ’ಯೂ ಒಂದೇ ಹಾರ್ಡ್ ಡಿಸ್ಕಿನ ಎರಡು ಕೋಣೆಗಳೆಂಬುದು ಅಂದು ನಮಗೆ ತಿಳಿಯಿತು.

ಓದುಗ ಬಂಧುಗಳೇ, ಈ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದುದಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು ಓದಿಸಿ, 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಇಂದು ಕಲ್ಲಿನ ಅಕ್ಷರ ಸವೆದಲ್ಲಿ ವಿದ್ವಾಂಸರು ಆ ಪುಟವನ್ನು ತೆರೆಯುತ್ತಾರೆ. ಮನೆಮನೆಗಳಲ್ಲಿ ಓಲೆಗರಿಗಳಾಗಿ ಉಳಿದಿದ್ದ ವಚನಗಳನ್ನು ಸಂಗ್ರಹಿಸಿ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ್ದೂ ಇದೇ ಬಗೆಯ ಕಾರ್ಯ. ಮಾಧ್ಯಮ ಬೇರೆ, ಇರುವ ಸ್ಥಳ ಬೇರೆ.

ಗಣಕಯಂತ್ರ ಬಲ್ಲವರು ಹೇಳುವುದೂ ಅದನ್ನೇ. ಒಟ್ಟು ಮೂರು ಪ್ರತಿಗಳಿರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಮನೆಯ ಹೊರಗಿರಬೇಕು. ಯಂತ್ರದಲ್ಲಿರುವುದು ಮೊದಲನೆಯದು. ಎರಡನೆಯದು ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್. ನಕಲು ಮುಗಿದೊಡನೆ ಅದನ್ನು ಕಳಚಿಡಬೇಕು. ಏಕೆಂದರೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶಗಳು ಜೋಡಿಸಿದ ಡಿಸ್ಕನ್ನೂ ಬಿಡುವುದಿಲ್ಲ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬುದು ಜಗತ್ತಿನ ಆಸ್ಪತ್ರೆಗಳನ್ನೂ ಕಾಡಿತ್ತು. ಮೂರನೆಯದಕ್ಕೆ ಅಂತರಜಾಲದ ಸಂಗ್ರಹ ಆಗಬಹುದು. ಆದರೆ ಅಲ್ಲೊಂದು ಮೋಸವುಂಟು: ಬರಿಯ ‘ಸಿಂಕ್’ ಇದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿದುಹೋಗುತ್ತದೆ. ಹಳೆಯ ಆವೃತ್ತಿಗಳನ್ನು ಎಷ್ಟು ದಿನ ಉಳಿಸುವರೆಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕಡತವು ಆ ಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲವನ್ನೂ ಜೊತೆಗಿಡುವುದು ಲೇಸು. ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಡುವುದುಂಟು. ನಮ್ಮ ಎರಡು ಲೇಖನಗಳನ್ನು ಸಾಲುಸಾಲಾಗಿ ತಿದ್ದಬೇಕಾಯಿತು.

ಆ ಲೇಖನಗಳಾದರೂ ಉಳಿದದ್ದು ಹೇಗೆಂದರೆ, ಹಿಂದೆ ಅವನ್ನು ಬೆಂಗಳೂರಿನ ಮಗಳಿಗೆ ಮಿಂಚಂಚೆಯಲ್ಲಿ ಕಳುಹಿಸಿದ್ದೆವು. ಗುರುಗಳ ಧ್ವನಿ ದೊರೆಯಲಿಲ್ಲ. ಡಿಸ್ಕ್ ದುರಸ್ತಿಯವರು ಕೈಚೆಲ್ಲಿದರು.

ಈಗ ನಮ್ಮಲ್ಲಿ ಎರಡು ಡಿಸ್ಕುಗಳಿವೆ. ಒಂದು ಮನೆಯ ಬೀರುವಿನಲ್ಲಿ, ಇನ್ನೊಂದು ಬೇಲೂರಿನ ಅಕ್ಕನವರ ಮನೆಯಲ್ಲಿ. ಹೋದಾಗಲೆಲ್ಲ ಅದಲುಬದಲು ಮಾಡಿ, ಮೇಲೆ ದಿನಾಂಕದ ಚೀಟಿ ಅಂಟಿಸುತ್ತೇವೆ. ಕಳೆದ ವಾರ ಅಕ್ಕನವರ ಮನೆಯ ಡಿಸ್ಕಿನಿಂದ ಹತ್ತು ಕಡತಗಳನ್ನು ತೆರೆದು ನೋಡಿದೆವು. ಒಂಬತ್ತು ತೆರೆದವು, ಹತ್ತನೆಯದನ್ನು ಮನೆಯ ಪ್ರತಿಯಿಂದ ಮತ್ತೆ ನಕಲು ಮಾಡಿದೆವು.