ನಿಮಗಿದು ಗೊತ್ತೆ? ಆಯಿಯ ಅಕ್ಕರೆಯೂ ಮಗುವಿಗೆ ಬಲ

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕಾಯಿಲೆಯಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲೂ ಮೂವರಲ್ಲಿ ಒಬ್ಬರು ಸಮರ್ಥರಾಗಿ ನಿಂತರು. ಅಂಥವರ ಬೆನ್ನಿಗೆ ಅಜ್ಜಿಯೋ ಶಿಕ್ಷಕರೋ ನೆರೆಯವರೋ, ಅಕ್ಕರೆಯ ಒಬ್ಬ ಹಿರಿಯರಾದರೂ ಇದ್ದರು.

ನಮ್ಮ ಹಳ್ಳಿಗಳಲ್ಲಿ ಅಪ್ಪ-ಅವ್ವ ಕಬ್ಬಿನ ಹೊಲಕ್ಕೆ ಹೋದಾಗ ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಳ್ಳುವ ಆಯಿ ನೀಡುವ ಆಸರೆಯೂ ಇದೇ.

ಬಯಲಿನ ಆಟ ಕಣ್ಣನ್ನೂ ಕಾಯುತ್ತದೆ. ಚೀನಾದ ಗುವಾಂಗ್‌ಝೌ ನಗರದ ಆರು ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷಗಳಲ್ಲಿ ಅಲ್ಲಿ ಸಮೀಪದೃಷ್ಟಿ ಬಂದವರು ಶೇ. 30.4, ಹಾಗೆ ಹೆಚ್ಚಾಗಿ ಬಿಡದ ಬೇರೆ ಆರು ಶಾಲೆಗಳಲ್ಲಿ ಶೇ. 39.5. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಮೊಬೈಲ್ ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ ಹೀಗಿದೆ: ಒಂದು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ, 3-4 ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು. ಈ ವಯಸ್ಸಿನವರಿಗೆ 10ರಿಂದ 13 ತಾಸು ನಿದ್ದೆ ಬೇಕು.

ಶಾಲೆಯಲ್ಲಿ ಬಿಸಿಯೂಟದ ಜತೆಗೆ ಹಾಲೂ ಇದೆ: ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಹಾಲು ಕೊಡುವ ‘ಕ್ಷೀರಭಾಗ್ಯ’ ಯೋಜನೆ ಶುರುವಾದದ್ದು 2013ರ ಆಗಸ್ಟ್ 1ರಂದು. ಪ್ರತಿ ಮಗುವಿನ ಪಾಲು 150 ಮಿಲಿಲೀಟರ್.