ಟೆಂಡರ್ ಮೊತ್ತವೇ ಗಳಿಕೆಯಲ್ಲ: ದೊಡ್ಡ ಸರ್ಕಾರಿ ಗುತ್ತಿಗೆ ನಂಬಿ ಹಣ ಹಾಕುವ ಮುನ್ನ

ತುಂಗಾ ಮೇಲ್ದಂಡೆ ಕಾಲುವೆ ಹಿರೇಕೆರೂರು ತಾಲ್ಲೂಕನ್ನು ಹಾಯ್ದು ಬಂದಾಗಿನಿಂದ ಹಾವೇರಿ ಜಿಲ್ಲೆಯಲ್ಲಿ ದೊಡ್ಡ ಕಾಮಗಾರಿಗಳ ಸುದ್ದಿ ನಿಂತಿಲ್ಲ. ಹಾನಗಲ್ಲಿನಲ್ಲಿ ಬಾಳಂಬೀಡ ಏತ ನೀರಾವರಿ, ಶಿಗ್ಗಾವಿ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಅಗಲೀಕರಣ, ಸವಣೂರಿನ ಹಳ್ಳಿಗಳಲ್ಲಿ ಜಲ ಜೀವನ ಮಿಷನ್‌ ನಳಗಳು. ಟೆಂಡರ್ ಆಯಿತೆಂಬ ಸುದ್ದಿಯ ಬೆನ್ನಿಗೇ ಒಬ್ಬರು ಕಂಪನಿಯ ಷೇರು ಕೊಳ್ಳುತ್ತಾರೆ, ಇನ್ನೊಬ್ಬರು ಸಾಲ ಮಾಡಿ ಟಿಪ್ಪರ್ ತರುತ್ತಾರೆ, ಮತ್ತೊಬ್ಬರು ಗುತ್ತಿಗೆದಾರರಿಗೆ ಬಡ್ಡಿಗೆ ಹಣ ಕೊಡುತ್ತಾರೆ. ಬೆಳೆ ಮಾರಿ ಕೂಡಿಟ್ಟ ದುಡ್ಡು ಹೀಗೆ ಹೋಗುವಾಗ ಕೆಲವು ನಂಬಿಕೆಗಳನ್ನು ಬಿಡಿಸಿ ನೋಡಲೇಬೇಕು.

ನಂಬಿಕೆ 1: ಸಾವಿರ ಕೋಟಿಯ ಗುತ್ತಿಗೆ ಸಿಕ್ಕರೆ ಕಂಪನಿಗೆ ಸಾವಿರ ಕೋಟಿ ಬಂದಂತೆ.

ವಾಸ್ತವ: ನಮ್ಮ ಜಿಲ್ಲೆಯ ಹೆದ್ದಾರಿಯನ್ನೇ ನೋಡಿ. ದಾವಣಗೆರೆ–ಹಾವೇರಿ ನಡುವಿನ ಸುಮಾರು 79 ಕಿ.ಮೀ. ಷಟ್ಪಥ ಕಾಮಗಾರಿ 1,177 ಕೋಟಿ ರೂಪಾಯಿಗೆ ಕೇಂದ್ರ ಸರ್ಕಾರದ ಸ್ವಾಮ್ಯದ ಇರ್ಕಾನ್ ಕಂಪನಿಗೆ ಸಿಕ್ಕಿತು. ಅದಕ್ಕೆಂದೇ 2017ರಲ್ಲಿ ಪ್ರತ್ಯೇಕ ಅಂಗಸಂಸ್ಥೆ ಸ್ಥಾಪನೆಯಾಯಿತು. ಇದು ಹೈಬ್ರಿಡ್ ಆನ್ಯುಯಿಟಿ ಮಾದರಿಯ ಗುತ್ತಿಗೆ. ಈ ಮಾದರಿಯಲ್ಲಿ ನಿರ್ಮಾಣದ ವೇಳೆ ಸರ್ಕಾರ ಕೊಡುವುದು ಶೇ 40 ಮಾತ್ರ, ಅದೂ ಕೆಲಸ ಮುಗಿದಷ್ಟಕ್ಕೆ ಕಂತು ಕಂತಾಗಿ. ಉಳಿದ ಶೇ 60 ಬಡ್ಡಿಸಹಿತ ಬರುವುದು ರಸ್ತೆ ಮುಗಿದ ಬಳಿಕ, ಸಾಮಾನ್ಯವಾಗಿ 15 ವರ್ಷಗಳಲ್ಲಿ, ಆರು ತಿಂಗಳಿಗೊಂದು ಕಂತಿನಂತೆ. ಅಲ್ಲಿಯವರೆಗೆ ಕಂಪನಿ ಸಾಲ ತಂದು ಕೆಲಸ ನಡೆಸಬೇಕು. ಪತ್ರಿಕೆಯಲ್ಲಿ ಬರುವ ಮೊತ್ತ ಕೆಲಸದ ಬೆಲೆಯೇ ಹೊರತು ಲಾಭವಲ್ಲ.

ನಂಬಿಕೆ 2: ಸರ್ಕಾರದ ದುಡ್ಡು, ಎಂದೂ ಮುಳುಗುವುದಿಲ್ಲ.

ವಾಸ್ತವ: ಮುಳುಗದಿದ್ದರೂ ತಡವಾಗುತ್ತದೆ. ತಡವಾದ ಹಣಕ್ಕೆ ಬ್ಯಾಂಕಿನ ಬಡ್ಡಿ ಏರುತ್ತಲೇ ಇರುತ್ತದೆ. ನೀರು, ನೀರಾವರಿ ಕಾಮಗಾರಿಗಳಲ್ಲಿ ದೊಡ್ಡ ಹೆಸರಾಗಿದ್ದ ಹೈದರಾಬಾದಿನ ಐವಿಆರ್‌ಸಿಎಲ್ ಕೈಯಲ್ಲಿ ಸರ್ಕಾರಿ ಗುತ್ತಿಗೆಗಳು ಸಾಕಷ್ಟಿದ್ದವು. ಆದರೂ ಸಾಲದ ಹೊರೆಯಿಂದ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಗಿ, 2019ರಲ್ಲಿ ಸಮಾಪನೆಯ (ಕಂಪನಿ ಮುಚ್ಚಿ ಆಸ್ತಿ ಮಾರುವ) ಆದೇಶ ಕಂಡಿತು. ಸಮಾಪನೆಯಲ್ಲಿ ಪ್ರಕ್ರಿಯೆಯ ವೆಚ್ಚ ಕಳೆದ ಮೇಲೆ ಮೊದಲ ಸರದಿ ಕಾರ್ಮಿಕರದು ಮತ್ತು ಸಾಲ ಕೊಟ್ಟವರದು. ಷೇರುದಾರರದು ಕಟ್ಟಕಡೆ.

ನಂಬಿಕೆ 3: ಗುತ್ತಿಗೆ ಸಿಕ್ಕ ಸುದ್ದಿ ಬಂದ ದಿನವೇ ಷೇರು ಕೊಂಡರೆ ಲಾಭ ಖಚಿತ.

ವಾಸ್ತವ: ಹಣಕಾಸು ಬಿಡ್ ತೆರೆದಾಗಲೇ ಅತಿ ಕಡಿಮೆ ದರ ಯಾರದೆಂದು ಗೊತ್ತಾಗಿಬಿಡುತ್ತದೆ. ಸುದ್ದಿ ನಮ್ಮ ಮೊಬೈಲಿಗೆ ಬರುವ ಹೊತ್ತಿಗೆ ಷೇರಿನ ಬೆಲೆ ಏರಿ ಕೂತಿರುವುದೂ ಉಂಟು. ನೋಡಬೇಕಾದ ಸಂಗತಿಗಳು ಬೇರೆ: ಕಂಪನಿಯ ವಾರ್ಷಿಕ ವಹಿವಾಟಿನ ಮುಂದೆ ಈ ಗುತ್ತಿಗೆ ಎಷ್ಟು ದೊಡ್ಡದು? ಅಂದಾಜು ದರಕ್ಕಿಂತ ಎಷ್ಟು ಕೆಳಗೆ ಬಿಡ್ ಹಾಕಿದ್ದಾರೆ? ಬರಬೇಕಾದ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯೇ? ಭೂಸ್ವಾಧೀನ ಮುಗಿದಿದೆಯೇ? ತೀರಾ ಕಡಿಮೆ ದರಕ್ಕೆ ಗೆದ್ದ ಗುತ್ತಿಗೆ ಡೀಸೆಲ್, ಉಕ್ಕಿನ ಬೆಲೆ ಏರಿದಾಗ ಕಂಪನಿಯನ್ನೇ ತಿನ್ನುತ್ತದೆ.

ನಂಬಿಕೆ 4: ದೊಡ್ಡ ಕಂಪನಿ ಊರಿಗೆ ಬಂದಿದೆ, ಟಿಪ್ಪರ್ ಹಚ್ಚಿದರೆ ಸಾಲ ತಾನೇ ತೀರುತ್ತದೆ.

ವಾಸ್ತವ: ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ನೋಯಿಸುವ ನಂಬಿಕೆ ಇದು. ಇಲಾಖೆಯ ಕರಾರು ಮುಖ್ಯ ಗುತ್ತಿಗೆದಾರರ ಜೊತೆಗೇ ಹೊರತು ಟಿಪ್ಪರ್ ಮಾಲೀಕರ ಜೊತೆಗಲ್ಲ. ಕೆಲಸ ಅಳತೆ ಪುಸ್ತಕಕ್ಕೆ ಏರಬೇಕು, ಮೇಲಿನ ಎಂಜಿನಿಯರ್ ಪರಿಶೀಲಿಸಬೇಕು, ಬಿಲ್ ಪಾಸಾಗಬೇಕು, ಆಮೇಲೆ ಅನುದಾನ ಬಿಡುಗಡೆಯಾಗಬೇಕು. ಬಿಡುಗಡೆಯಾದರೂ ಭದ್ರತಾ ಠೇವಣಿ, ಆದಾಯ ತೆರಿಗೆ, ಶೇ 2 ಜಿಎಸ್‌ಟಿ ಕಡಿತ, ಶೇ 1 ಕಾರ್ಮಿಕ ಸೆಸ್, ಕಲ್ಲು–ಮರಳಿನ ರಾಜಧನ ಮುರಿದೇ ಹಣ ಬರುತ್ತದೆ. ಅದರಲ್ಲಿ ಉಪಗುತ್ತಿಗೆದಾರರ ಪಾಲು, ಅವರಿಂದ ನಮ್ಮ ಬಾಡಿಗೆ. ಫೈನಾನ್ಸ್ ಕಂತು ಮಾತ್ರ ಪ್ರತಿ ತಿಂಗಳೂ ತಪ್ಪದೆ ಬಾಗಿಲಿಗೆ ಬರುತ್ತದೆ. ಆದ್ದರಿಂದ ಬಾಡಿಗೆ ದರ, ಡೀಸೆಲ್ ಯಾರದು, ಹಣ ಎಷ್ಟು ದಿನದಲ್ಲಿ ಎಂಬುದನ್ನೆಲ್ಲ ಬರೆದು ಸಹಿ ಹಾಕಿಸಿಕೊಳ್ಳಿ. ಮುಂಗಡ ಕೇಳಿ. ಒಂದೇ ಕಾಮಗಾರಿ ನಂಬಿ ಹೊಸ ಗಾಡಿ ಕೊಳ್ಳಬೇಡಿ.

ನಂಬಿಕೆ 5: ಕಾಲುವೆ ಬರುವ ಕಡೆ ಹೊಲ ಕೊಂಡಿಟ್ಟರೆ ಪರಿಹಾರ ಕೈತುಂಬ.

ವಾಸ್ತವ: 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆ ಜಮೀನಿನ ವಹಿವಾಟಿಗೆ ತಡೆ ಇದೆ. ಮಾರುಕಟ್ಟೆ ಬೆಲೆ ಲೆಕ್ಕ ಹಾಕುವುದೂ ಅಧಿಸೂಚನೆಯ ದಿನಕ್ಕೇ, ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳನ್ನು ನೋಡಿ. ಗಾಳಿಮಾತಿನ ಮೇಲೆ ಏರಿಸಿದ ಬೆಲೆಯನ್ನು ಸರ್ಕಾರ ತುಂಬಿಕೊಡಬೇಕಿಲ್ಲ.

ನಂಬಿಕೆ 6: ಇಷ್ಟು ಅಪಾಯವಿದ್ದರೆ ದೂರವಿರುವುದೇ ವಾಸಿ.

ವಾಸ್ತವ: ಅವಕಾಶಗಳೂ ಇವೆ. ಏತ ನೀರಾವರಿ, ಕುಡಿಯುವ ನೀರಿನ ಅನೇಕ ಗುತ್ತಿಗೆಗಳಲ್ಲಿ ಕಟ್ಟಿದ ಮೇಲೂ ಕೆಲವು ವರ್ಷ ನಿರ್ವಹಣೆ ಇರುತ್ತದೆ. ಮೋಟಾರ್ ರಿವೈಂಡಿಂಗ್, ಪೈಪ್ ದುರಸ್ತಿ, ವಿದ್ಯುತ್ ಕೆಲಸ ಕಲಿತ ಹುಡುಗರಿಗೆ ಇದು ಕಡಿಮೆ ಬಂಡವಾಳದ ಉದ್ಯೋಗ. ಏತ ನೀರಾವರಿಯಿಂದ ಕೆರೆ ತುಂಬಿದ ಊರಿನಲ್ಲಿ ತೋಟಗಾರಿಕೆ, ಹೈನುಗಾರಿಕೆಗೆ ಹಾಕಿದ ಹಣ ಯಾವ ಬಿಲ್ಲಿಗೂ ಕಾಯಬೇಕಿಲ್ಲ. ಷೇರು ಬೇಕೆನ್ನುವವರು ಒಂದೇ ಕಂಪನಿಗೆ ಜೋತುಬೀಳದೆ, ಸಾಲ ಕಡಿಮೆಯಿದ್ದು ಬಾಕಿ ಬೇಗ ವಸೂಲಾಗುವ ಕಂಪನಿಗಳಲ್ಲಿ ಸ್ವಲ್ಪ ಸ್ವಲ್ಪವೇ ಹಾಕಲಿ.

1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಇರುವುದರಿಂದ ಟೆಂಡರ್ ವಿವರ ಗುಟ್ಟಲ್ಲ. ರಾಜ್ಯದ ಇ–ಸಂಗ್ರಹಣೆ ಪೋರ್ಟಲ್‌ನಲ್ಲಿ ಟೆಂಡರ್ ಪ್ರಕಟಣೆ ನೋಡಬಹುದು. ಅಲ್ಲಿ ಸಿಗದ ಕರಾರು, ಬಿಲ್ ಪಾವತಿಯ ಮಾಹಿತಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಮೊತ್ತ ಎಷ್ಟೆಂದು ಬೆರಗಾಗುವ ಮೊದಲು ಬಿಲ್ ಯಾವಾಗ ಪಾಸಾಗುತ್ತದೆ, ಹಣ ಯಾರ ಕೈ ದಾಟಿ ನಮಗೆ ಬರುತ್ತದೆ ಎಂದು ಕೇಳಿ. ಸ್ಪಷ್ಟ ಉತ್ತರ ಸಿಗದ ಕಡೆ ನಿಮ್ಮ ದುಡ್ಡು ಹಾಕಬೇಡಿ.