ನಿಮಗಿದು ಗೊತ್ತೆ? ಕಥಕ್ ಕಲಿತ ಚಿತ್ರಕಲಾ ಮೇಷ್ಟ್ರು

ಶಿಗ್ಗಾವಿ ತಾಲ್ಲೂಕು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಹಳ್ಳಿಯ ಮಂದಿ, ದನಕರುಗಳ ಶಿಲ್ಪಗಳು ಥೇಟ್ ಜೀವಂತ. ಅವನ್ನು ಕಂಡು ತಲೆದೂಗುವವರೇ ಅಮೂರ್ತ ಚಿತ್ರದೆದುರು ‘ಇದೇನಿದು?’ ಎಂದು ಹುಬ್ಬೇರಿಸುವುದುಂಟು. ಆದರೆ ಅಮೂರ್ತದತ್ತ ಹೊರಳಿದ ಹಲವರು ಕಂಡದ್ದನ್ನು ಕಂಡಂತೆ ಬಿಡಿಸಿಯೇ ಕೈ ಪಳಗಿಸಿಕೊಂಡವರು. ಚಿತ್ರಕಲಾವಿದ ಕೆ.ಕೆ. ಹೆಬ್ಬಾರ್ ಅಂಥವರು.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹೆಬ್ಬಾರರು ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ ಓದಿ, 1940ರಿಂದ 1945ರವರೆಗೆ ಅಲ್ಲೇ ಕಲಿಸಿದರು. ಅಲ್ಲಿ ಮೈಗೂಡಿದ ಯುರೋಪಿನ ವಾಸ್ತವ ಶೈಲಿ ಅವರಿಗೆ ಸಾಲಲಿಲ್ಲ. ಅಜಂತಾದ ಭಿತ್ತಿಚಿತ್ರ, ಜೈನ ಹಸ್ತಪ್ರತಿಗಳ ಚಿತ್ರ, ಕಲಾವಿದೆ ಅಮೃತಾ ಶೇರ್‌ಗಿಲ್ ಕೃತಿಗಳು ಅವರ ದಾರಿ ಬದಲಿಸಿದವು. ಮೇಷ್ಟರಾಗಿದ್ದವರು 1949–50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಲಯ ಅರಿಯಲೆಂದು ಕಥಕ್ ನೃತ್ಯವನ್ನೂ ಕಲಿತರು! ಆ ಕಲಿಕೆಯ ಫಲ ಅವರ ರೇಖಾಚಿತ್ರಗಳಲ್ಲಿದೆ: ಕೆಲವೇ ಗೆರೆ, ಕುಣಿಯುವ ಮೈ.

ಮುಂದೆ ನೆಲ, ನೀರು, ಬಾನು ಅವರ ಕ್ಯಾನ್ವಾಸಿನಲ್ಲಿ ಆಕಾರ ಸಡಿಲಿಸಿ ಬಣ್ಣದ ಪದರಗಳಾದವು. ಹಾಗೆಂದು ಮನುಷ್ಯರನ್ನು ಅವರು ಪೂರ್ತಿ ಕೈಬಿಡಲಿಲ್ಲ. ಬಡತನ, ಯುದ್ಧದ ಸಂಕಟ ಕಾಡಿದಾಗಲೆಲ್ಲ ಆಕೃತಿಗಳು ಮರಳಿ ಬಂದವು. ಶುದ್ಧ ಅಮೂರ್ತವಾದಿ ಎಂಬ ಪಟ್ಟ ಅವರಿಗೆ ಒಪ್ಪದು. ಅದೇ ಅವರ ಹೆಚ್ಚುಗಾರಿಕೆ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದ ಅವರು 1996ರಲ್ಲಿ ತೀರಿಕೊಂಡರು. ಅವರ ಕೃತಿಗಳು ಬೆಂಗಳೂರು ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯ ಸಂಗ್ರಹದಲ್ಲಿವೆ.